ಅಪ್ಪನ ಸ್ಪ್ಲೆಂಡರ್‌ನಲ್ಲಿ ಒಬ್ಬಳೇ ಮಲೆನಾಡು ಸುತ್ತಬಹುದಾ?

ಬೆಣ್ಣೆದೋಸೆ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ವಯಸ್ಸು 29, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯೋ ಕೆಲಸ. ಅಪ್ಪನ ಕಣ್ಣಿನ ಆಪರೇಷನ್ ಆದಾಗಿಂದ ಅವರ ಸ್ಪ್ಲೆಂಡರ್ ನನ್ನ ಕೈಲಿದೆ. ಆಫೀಸು, ಸಂತೆ, ಒಂದೆರಡು ಸಲ ಹರಿಹರದ ತನಕ. ಅದಕ್ಕಿಂತ ದೂರ ಓಡಿಸಿದ್ದಿಲ್ಲ.

ಸಂಕ್ರಾಂತಿ ಹೊತ್ತಿಗೆ ನಾಲ್ಕು ದಿನ ರಜೆ ಸಿಗ್ತಿದೆ. ಶಿವಮೊಗ್ಗ, ತೀರ್ಥಹಳ್ಳಿ, ಕವಲೇದುರ್ಗ, ಬಿದನೂರು ನಗರ, ನಿಟ್ಟೂರು, ತುಮರಿ, ಶರಾವತಿ ಹಿನ್ನೀರಿನ ಹೊಸ ಸೇತುವೆ ದಾಟಿ ಸಾಗರ, ಅಲ್ಲಿಂದ ಜೋಗ ನೋಡ್ಕೊಂಡು ವಾಪಸ್. ಹಿಂಗೊಂದು ಸುತ್ತು ಹಾಕೋ ಆಸೆ. ಆಫೀಸಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯ್ತು. "ಅದು ಹಾಲು ಹಾಕೋರ ಗಾಡಿ, ಮಲೆನಾಡಿಗೆ 350 ಸಿಸಿ ಆದ್ರೂ ಬೇಕು" ಅಂತ ನಕ್ಕರು. ಅಮ್ಮಂಗೆ ಗಾಡಿ ಚಿಂತೆ ಇಲ್ಲ. "ಕಾಡಲ್ಲಿ ಕೆಟ್ಟು ನಿಂತ್ರೆ ಯಾರನ್ನ ಕರೀತೀಯ" ಅನ್ನೋದೊಂದೇ. ಅಪ್ಪ ಮಾತ್ರ ಏನೂ ಹೇಳ್ದೆ ಹೋಗಿ ಚೈನಿಗೆ ಎಣ್ಣೆ ಬಿಟ್ಟು ಬಂದ್ರು.

ಗಾಡಿ ಸಾಕಾ? ಕೆಟ್ರೆ ಯಾರಾದ್ರೂ ಸಿಗ್ತಾರಾ? ರಾತ್ರಿ ಎಲ್ಲಿ ಉಳಿಯೋದು? ಹೋಗಿ ಬಂದವರು ಹೇಳಿ. ಇನ್‌ಸ್ಟಾದಲ್ಲಿ ನೋಡಿದವರು ಬೇಡ.

ಮೂರನೇ ಗೇರು:

ಗಾಡಿ ಧಾರಾಳ ಸಾಕು. ನೀವು ಹೇಳಿದ ಸುತ್ತಲ್ಲಿ ಏರಿಳಿತ ಇದೆ, ತಿರುವು ಬೇಕಾದಷ್ಟಿದೆ, ಆದ್ರೆ ಎಲ್ಲೂ ಕರಾವಳಿಗೆ ಇಳಿಯಲ್ಲ. ಆಸೆ ಆಗಿ ಆಗುಂಬೆ ಕಡೆ ತಿರುಗಿ ಕೆಳಗಿಳಿದ್ರೆ ಮಾತ್ರ 14 ಹೇರ್‌ಪಿನ್ ತಿರುವು. ಹತ್ತೋದೇನೂ ಕಷ್ಟ ಅಲ್ಲ, ಎರಡನೇ ಗೇರಲ್ಲಿ ಗೊಣಗ್ತಾ ಹತ್ತುತ್ತೆ. ಇಳಿಯೋವಾಗ ಹುಷಾರು. ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡಬೇಡಿ. ಹತ್ತಿದ ಗೇರಲ್ಲೇ ಇಳೀರಿ, ಎಂಜಿನ್ನೇ ಗಾಡೀನ ತಡೆದು ಹಿಡಿಯುತ್ತೆ. ಡ್ರಮ್ ಬ್ರೇಕನ್ನ ಒಂದೇ ಸಮ ಒತ್ತಿದ್ರೆ ಕಾದು ಹಿಡಿತ ಬಿಡುತ್ತೆ. ಹೋಗೋಕೆ ಮುಂಚೆ ಬ್ರೇಕ್ ಶೂ, ಟಯರ್, ಚೈನ್ ನೋಡಿಸಿ. ಒಂದು ಟ್ಯೂಬ್, ಒಂದು ಕ್ಲಚ್ ಕೇಬಲ್ ಜೊತೇಲಿರಲಿ.

ಗಾಂಧಿಬಜಾರ್ ಟೇಲರ್:

ಮೇಲಿನವರು ಹೇಳಿದ ಕ್ಲಚ್ ಕೇಬಲ್ ವಿಷಯ ನೂರಕ್ಕೆ ನೂರು ಸರಿ. ನಾನು ಒಯ್ದಿರಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಶಿವಮೊಗ್ಗದಲ್ಲಿ ಟೇಲರ್ ನಾನು, ಪ್ಯಾಂಟು ಶರ್ಟು ಹೊಲಿದು 30 ವರ್ಷ ಆಯ್ತು. ದೀಪಾವಳಿ ಹೊಲಿಗೆ ಮುಗಿಸಿ ನವೆಂಬರಲ್ಲಿ ಶಟರ್ ಎಳೆದು ನಿಮ್ಮಂಥದ್ದೇ ಗಾಡೀಲಿ, ಹೆಚ್ಚುಕಮ್ಮಿ ಇದೇ ಸುತ್ತು ಹೋಗಿದ್ದೆ. ಒಬ್ನೇ. "ಬೆನ್ನುನೋವು ಅಂತ ಮಲಗೋರು ಗಾಡಿ ಹತ್ತಿ ಎಲ್ಲಿಗೆ" ಅಂದ್ಲು ಮನೆಯವಳು. ಬೆನ್ನು ನೋಯೋದು ಮಿಷನ್ ಮುಂದೆ ಕೂತ್ರೆ. ಗಾಡಿ ಮೇಲೆ ನೋಯೋ ಜಾಗವೇ ಬೇರೆ.

ಗಾಜನೂರು, ಸಕ್ರೆಬೈಲು ದಾಟೋವರೆಗೂ ತಲೇಲಿ ಅಂಗಡಿಯೇ, ಕಾಲರ್ ಹಚ್ಚದೆ ಬಿಟ್ಟು ಬಂದ ಮೂರು ಶರ್ಟು. ಮಂಡಗದ್ದೆ ಹತ್ರ ತುಂಗೆ ಪಕ್ಕಕ್ಕೆ ಬಂದ್ಲು ನೋಡಿ, ಆಗ ಹೊರಟೆ ಅನ್ನಿಸ್ತು. ತೀರ್ಥಹಳ್ಳೀಲಿ ಕಾಫಿ. ಕವಲೇದುರ್ಗದ ಬುಡದಲ್ಲಿ ಮಜ್ಜಿಗೆ ಮಾರ್ತಿದ್ದ ಅಮ್ಮ ನನ್ನ ಹೆಲ್ಮೆಟ್ ಇಟ್ಕೊಂಡು "ಒಬ್ರೇನಾ?" ಅಂದ್ರು. ಹೂಂ ಅಂದೆ. "ಮನೇಲಿ ಜಗಳ ಆಯ್ತಾ?" ಅಂದ್ರು. ಇಲ್ಲ ಅಂದ್ರೂ ನಂಬಿದ ಹಾಗೆ ಕಾಣಲಿಲ್ಲ. ಗದ್ದೆ ದಾಟಿ ಕೋಟೆ ಹತ್ತಿ ಇಳಿದು ಬಂದ್ರೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು, ದುಡ್ಡು ತಗೊಳ್ದೆ, "ಸಂಜೆ ಒಳಗೆ ಮನೆಗೆ ಫೋನ್ ಮಾಡಿ" ಅಂದ್ರು. ಮಾಡ್ದೆ ಕೂಡ.

ನಗರ ದಾಟಿ ನಿಟ್ಟೂರು ರಸ್ತೇಲಿ ಹೋಗ್ತಿರುವಾಗ ಕ್ಲಚ್ ಹಿಡಿ ಒಮ್ಮೆಲೆ ಸತ್ತುಬಿಡ್ತು. ಕೇಬಲ್ಲಿನ ತುದಿಯ ಗುಂಡು ಕಿತ್ತು ಬಂದಿತ್ತು. ಗಂಟೆ ನಾಲ್ಕೂವರೆ, ಫೋನಲ್ಲಿ ಸಿಗ್ನಲ್ ಇಲ್ಲ, ಎರಡೂ ಕಡೆ ಕಾಡು. ನಿಮ್ಮ ಅಮ್ಮ ಹೇಳಿದ್ರಲ್ಲ, ಅಕ್ಷರಶಃ ಅದೇ. ಅರ್ಧ ಕಿಲೋಮೀಟರ್ ತಳ್ಳಿದೆ. ಹಿಂದಿಂದ ಎಕ್ಸೆಲ್ ಗಾಡೀಲಿ ಒಬ್ರು, ಹಿಂದೆ ಗೋಣಿ ಸುತ್ತಿದ ನೀರಿನ ಮೋಟಾರು. "ಎಂತಾಯ್ತು ಮಾರಾಯ್ರೆ? ಒಬ್ರೇನಾ?"

ಪಂಪ್‌ಸೆಟ್ ರಿಪೇರಿಯವರು. ನೋಡಿದ್ರು, ಮೊಬೈಲ್ ಟಾರ್ಚ್ ನನ್ನ ಕೈಗೆ ಕೊಟ್ರು, ಅವರ ಚೀಲದಿಂದ ವೈರ್ ಕೂಡಿಸೋ ಪ್ಲಾಸ್ಟಿಕ್ ಕನೆಕ್ಟರ್ ತೆಗೆದ್ರು. ಕಚ್ಚಿ ಪ್ಲಾಸ್ಟಿಕ್ ಬಿಡಿಸಿದ್ರು. ಒಳಗೆ ಕಿರುಬೆರಳಿನ ಉಗುರಿನಷ್ಟು ಹಿತ್ತಾಳೆ ಕೊಳವೆ, ಅದಕ್ಕೆ ಎರಡು ಸ್ಕ್ರೂ. ಕೇಬಲ್ ತಂತಿಯನ್ನ ಅದರೊಳಗೆ ಪೋಣಿಸಿ, ಹಿಡಿಯ ಗೂಡಲ್ಲಿ ಕೂರಿಸಿ, ಎರಡೂ ಸ್ಕ್ರೂ ಬಿಗಿದ್ರು. ತಂತಿ ಒಂದು ಬೆರಳು ಗಿಡ್ಡ ಆಗಿತ್ತು, ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ ಸರಿದೂಗಿಸಿದ್ರು. ಹತ್ತು ನಿಮಿಷ ಆಗಿರಬಹುದು. "ಸಾಗರದ ತನಕ ಹೋಗ್ತದೆ, ಆಮೇಲೆ ನಿಮ್ಮ ಪುಣ್ಯ." ನಮ್ಮಲ್ಲೂ ಹಿಂಗೇ. ಹುಕ್ ಇಲ್ದಿದ್ರೆ ಗುಂಡಿ, ಗುಂಡಿ ಇಲ್ದಿದ್ರೆ ದಾರದ ಕುಣಿಕೆ. ಆದ್ರೆ ಕರೆಂಟಿನ ಸಾಮಾನು ಗಾಡಿಗೆ ಹೊಂದುತ್ತೆ ಅನ್ನೋದು ನನ್ನ ತಲೆಗೆ ಹೊಳೀತಿರಲಿಲ್ಲ.

ಎಷ್ಟು ಕೊಡ್ಲಿ ಅಂದೆ. ಏನು ಕೆಲಸ ಅಂತ ಕೇಳಿದ್ರು. ಟೇಲರ್ ಅಂದಿದ್ದೇ ತಡ, "ದುಡ್ಡು ಬೇಡ. ಈ ಪ್ಯಾಂಟಿನ ಜಿಪ್ ಹೋಗಿ ಎರಡು ತಿಂಗಳಾಯ್ತು, ಪಿನ್ನು ಹಾಕ್ಕೊಂಡು ತಿರುಗ್ತಿದ್ದೀನಿ, ಹೊಸ ಜಿಪ್ ಚೀಲದಲ್ಲೇ ಇದೆ" ಅಂದ್ರು. ಮಿಷನ್ ಎಲ್ಲಿಂದ ತರಲಿ? "ಈಗ ಮೋಟಾರ್ ಕೊಡೋಕೆ ಹೋಗ್ತಿರೋ ಮನೇಲಿದೆ, ಬನ್ನಿ."

ಅಡಿಕೆ ತೋಟದ ಮನೆ. ಅಂಗಳದ ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲೀತಿದ್ರು. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಬಾಯಿ ಎಷ್ಟು ಮಾತಾಡಿದ್ರೂ ಕೈ ನಿಲ್ಲಲ್ಲ. ಬೆರಳೆಲ್ಲ ಕರೀ ಬಣ್ಣ. ಒಳಗೆ ಉಷಾ ಕಾಲುಮಿಷನ್ ಮೇಲೆ ಹಾಸಿಗೆ ಮಡಚಿಟ್ಟಿತ್ತು. "ಅದು ಹಾಳಾಗಿ ವರ್ಷ ಆತು, ಬರೀ ದಾರ ಗಂಟಾಗ್ತು" ಅಂದ್ರು ಮನೆಯ ಅಕ್ಕ.

ತೆರೆದು ನೋಡಿದೆ. ಎಣ್ಣೆ ಅಂತ ಕೊಬ್ಬರಿ ಎಣ್ಣೆ ಬಿಟ್ಟಿದ್ರು, ಚಳಿಗೆ ಹೆಪ್ಪುಗಟ್ಟಿ ಅಂಟಾಗಿ ಕೂತಿತ್ತು. ಬಟ್ಟೆ ತಳ್ಳೋ ಹಲ್ಲಿನ ಕೆಳಗೆ ಬಟ್ಟೆಯ ಜುಂಗು, ಅಡಿಕೆ ಸಿಪ್ಪೆಯ ನಾರು ಎರಡೂ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿ. ಸೂಜಿ ತಿರುಗಾಮುರುಗಾ. ಅಷ್ಟೇ, ಮಿಷನ್ ಹಾಳಾಗಿರಲಿಲ್ಲ. ಗಾಡಿಯಿಂದ ಅರ್ಧ ಲೋಟ ಪೆಟ್ರೋಲ್ ಇಳಿಸ್ಕೊಂಡು ಒಂದೊಂದೇ ಬಿಡಿಭಾಗ ಒರೆಸಿದೆ. ಅಂಗಳದವರೂ ಸರದಿ ಮೇಲೆ ಬಂದು ಇಣುಕಿ ಹೋದ್ರು. ಜಿಪ್ ಹಚ್ಚೋವರೆಗೆ ಪಂಪಿನವರು ಪಂಚೆ ಸುತ್ಕೊಂಡು ಜಗುಲೀಲಿ ಕೂತಿದ್ರು. ಆಮೇಲೆ ಒಬ್ರು ಬ್ಲೌಸ್ ತಂದು ಕುತ್ತಿಗೆ ಪಟ್ಟಿ ಯಾಕೆ ಏಳ್ತದೆ ಅಂದ್ರು. ನಾನು ಜೆಂಟ್ಸ್ ಟೇಲರ್ ಅಂದ್ರೆ ಕೇಳಬೇಕಲ್ಲ.

ಕತ್ತಲಾಯ್ತು, ಇಲ್ಲೇ ಇರಿ ಅಂದ್ರು. ಅನ್ನ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಜಗುಲಿ ಮೇಲೆ ಕಂಬಳಿ. ನಡುರಾತ್ರಿ ಎಚ್ಚರ ಆದಾಗಲೂ ಚಪ್ಪರದಲ್ಲಿ ಚಕ್ ಚಕ್ ಅಂತ ಸುಲಿಯೋ ಸದ್ದು. ಬೆಳಿಗ್ಗೆ ನೀರುದೋಸೆ, ಜೋನಿಬೆಲ್ಲ.

ಮರುದಿನ ನಾಗೋಡಿ, ಬ್ಯಾಕೋಡು, ತುಮರಿ ಮೇಲೆ ಸೇತುವೆಗೆ ಬಂದೆ. ಸೇತುವೆಯ ಈಚೆ ತುದೀಲಿ ವಯಸ್ಸಾದವರೊಬ್ರು ಕೈ ಅಡ್ಡ ಹಾಕಿದ್ರು. "ಒಬ್ರೇನಾ? ಹಂಗಾದ್ರೆ ಹಿಂದಿನ ಸೀಟು ಖಾಲಿ. ಆಚೆ ದಡಕ್ಕೆ ಬಿಡಿ." ಬಿಟ್ಟೆ. ಅಂಬಾರಗೋಡ್ಲು ಕಡೆ ಮುಟ್ಟಿದ ಮೇಲೆ "ಈಗ ವಾಪಸ್ ಬಿಡಿ" ಅಂದ್ರು! ಆಚೆ ಕೆಲಸ ಏನೂ ಇರಲಿಲ್ಲ, ದಾಟೋದೇ ಕೆಲಸ. ಸುಮಾರು ಎರಡೂವರೆ ಕಿಲೋಮೀಟರ್, ನಾಲ್ಕು ನಿಮಿಷ ಕೂಡ ಹಿಡಿಯಲ್ಲ. ಸೇತುವೆಗೆ ಮುಂಚೆ ಜನರನ್ನ ದಾಟಿಸ್ತಿದ್ದ ಲಾಂಚ್ ಚೆನ್ನಾಗಿತ್ತಲ್ವಾ ಅಂತ ನಾನು ಬಾಯ್ತಪ್ಪಿ ಅಂದೆ. ನಾವೆಲ್ಲ ಸಿಗಂದೂರಿಗೆ ಹೋದಾಗ ಲಾಂಚಲ್ಲಿ ನಿಂತು ಫೋಟೋ ಹೊಡೆಸ್ಕೊಂಡವರೇ ತಾನೇ. ಅವರು ಸಿಟ್ಟಾಗಲಿಲ್ಲ. "ನಿಮಗೆ ಚೆನ್ನಾಗಿತ್ತು. ನಾವು ಮುಳುಗಡೆಯೋರು. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ನಾನು ಶಾಲೆ ಹುಡುಗ. ಸಂಜೆ ಮೇಲೆ ಜ್ವರದ ಮಗು ಎತ್ಕೊಂಡು ದಡದಲ್ಲಿ ಕೂತವರಿಗೆ ಲಾಂಚ್ ಚೆಂದ ಕಾಣ್ತಿರಲಿಲ್ಲ" ಅಂದ್ರು. ಅಣೆಕಟ್ಟೆ ಮುಗಿದಿದ್ದು 1964ರಲ್ಲಿ, ಸೇತುವೆ ತೆರೆದಿದ್ದು 2025ರ ಜುಲೈಲಿ. ಲೆಕ್ಕ ಬರೆಯೋರು ನೀವು, ಕಳೆದು ನೋಡಿ.

ಜೋಗದ ಬಗ್ಗೆ ಜಾಸ್ತಿ ಹೇಳಲ್ಲ. 253 ಮೀಟರ್ ಬಂಡೆ ಎಲ್ಲೂ ಹೋಗಲ್ಲ, ಆದ್ರೆ ಜನವರೀಲಿ ನೀರು ನೂಲಿನ ಎಳೆ.

ನನ್ನದೊಂದೇ ಸಲಹೆ. ಬ್ಯಾಗನ್ನ ಹಿಂದಿನ ಸೀಟಿಗೆ ಕಟ್ಟಬೇಡಿ, ಟ್ಯಾಂಕ್ ಮೇಲೆ ಹಾಕ್ಕೊಳ್ಳಿ. ಸೀಟು ಖಾಲಿ ಇದ್ರೆ ಜನ ಕೈ ಅಡ್ಡ ಹಾಕ್ತಾರೆ, ಮಾತು ಸಿಗುತ್ತೆ. ದಾರಿ ಗೊತ್ತಿದ್ರೂ ಕೇಳಿ.

ತುಂಗಾತೀರದ ಸಿಸ್ಟರ್:

ಟೇಲರ್ ಅಣ್ಣ, ಬರೆದಿದ್ದೆಲ್ಲ ಚೆನ್ನಾಗಿದೆ, ಆ ಕೊನೇ ಸಲಹೆ ಒಂದು ಬಿಟ್ಟು. ತಂಗಿ, ನೀವು ಬ್ಯಾಗನ್ನ ಹಿಂದಿನ ಸೀಟಿಗೇ ಕಟ್ಟಿ, ಗಟ್ಟಿಯಾಗಿ. ನಾನು ತೀರ್ಥಹಳ್ಳಿ ತಾಲೂಕಲ್ಲಿ ನರ್ಸು, ಹಳ್ಳಿಹಳ್ಳಿಗೆ ಸ್ಕೂಟಿ ಓಡಿಸಿ 11 ವರ್ಷ. ಬುಟ್ಟಿ ಹೊತ್ತ ಅಜ್ಜಿ ಕಂಡ್ರೆ ನಾನೇ ನಿಲ್ಲಿಸಿ ಬ್ಯಾಗ್ ಬಿಚ್ಚಿ ಮುಂದಿಟ್ಕೊಳ್ತೀನಿ. ಉಳಿದವರಿಗೆ "ಜಾಗ ಇಲ್ಲ" ಅನ್ನೋಕೆ ಬ್ಯಾಗೇ ಸಾಕು, ಬಾಯಿ ತೆರೆಯೋದೇ ಬೇಡ. ಅಣ್ಣಂಗೆ "ಒಬ್ರೇನಾ?" ಅಂದ್ರೆ ಮಜ್ಜಿಗೆ ಸಿಗುತ್ತೆ. ನಮಗೆ ಅದೇ ಪ್ರಶ್ನೆ ಯಾರು ಕೇಳ್ತಿದ್ದಾರೆ, ಎಲ್ಲಿ ಕೇಳ್ತಿದ್ದಾರೆ ಅಂತ ನೋಡಿ ಉತ್ತರ ಕೊಡಬೇಕು. "ಅಣ್ಣ ಹಿಂದೆ ಕಾರಲ್ಲಿ ಬರ್ತಿದ್ದಾನೆ" ಅಂತ ನಾನು ಎಷ್ಟು ಸಲ ಹೇಳಿದ್ದೀನೋ. ನನಗೆ ಅಣ್ಣನೇ ಇಲ್ಲ.

ಉಳಿಯೋದು ಮೊದಲ ರಾತ್ರಿ ತೀರ್ಥಹಳ್ಳಿ, ಎರಡನೇದು ಹೊಸನಗರ ಅಥವಾ ನೇರ ಸಾಗರ. ಪೇಟೆ ಲಾಡ್ಜು, ಮೊದಲೇ ಫೋನ್ ಮಾಡಿ. ಐದೂವರೆಗೆ ಊರು ಸೇರಿಬಿಡಿ. ಬೆಳಿಗ್ಗೆ ಮಂಜು ಇಳಿಯೋವರೆಗೆ ಕಾಫಿ ಕುಡೀತಾ ಕೂತ್ರೆ ನಷ್ಟ ಏನಿಲ್ಲ. ನಿಟ್ಟೂರು, ತುಮರಿ ಕಡೆ ಫೋನ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸ್ಕೊಳ್ಳಿ. ಹೊರಡೋ ಹೊತ್ತು, ತಲುಪೋ ಹೊತ್ತು ಅಮ್ಮಂಗೆ ಹೇಳಿರಿ.

ಇನ್ನೊಂದು. ಮಂಗನ ಕಾಯಿಲೆ ಶುರುವಾಗೋ ಕಾಲ ಇದು, ಡಿಸೆಂಬರಿಂದ ಬೇಸಿಗೆ ತನಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದು, ಇನ್ನೂ ನಮ್ಮನ್ನ ಬಿಟ್ಟಿಲ್ಲ. ಹರಡೋದು ಉಣುಗಿನಿಂದ, ಅಂದ್ರೆ ಉಣ್ಣೆ ಹುಳದಿಂದ. ಫೋಟೋಗೆ ಅಂತ ಕಾಡಂಚಿನ ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟಿನ ಕಾಲನ್ನ ಸಾಕ್ಸ್ ಒಳಗೆ ಸೇರಿಸಿ, ರಾತ್ರಿ ಬಿಸಿನೀರಲ್ಲಿ ಸ್ನಾನ ಮಾಡಿ ಮೈ ನೋಡ್ಕೊಳ್ಳಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚೋಕೆ ಡೆಪಾ ಎಣ್ಣೆ ಅಂತ ಬರುತ್ತೆ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ನಮಗೆ ತಿಳಿಸಿ. ವಾಪಸ್ ಹೋದ ವಾರದಲ್ಲಿ ಜೋರು ಜ್ವರ, ತಲೆನೋವು ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮರೀದೆ ಹೇಳಿ. ಹೆದರಿಸ್ತಿಲ್ಲ. ನಾವು ಇಲ್ಲೇ ಬದುಕ್ತಿಲ್ವಾ?

ಬೆಣ್ಣೆದೋಸೆ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಕ್ಲಚ್ ಕೇಬಲ್ ತಂದಾಯ್ತು, ಹಾಕೋದು ಹೆಂಗೆ ಅಂತ ಅಪ್ಪ ನಿನ್ನೆ ಎರಡು ಸಲ ಬಿಚ್ಚಿಸಿ ಕಲಿಸಿದ್ರು. ಕನೆಕ್ಟರ್ ಕಥೆ ಓದಿ ಹೇಳಿದೆ, ಎದ್ದು ಹೋಗಿ ಹಳೇ ಸ್ವಿಚ್ ಬೋರ್ಡಿಂದ ಎರಡು ಕಿತ್ತು ಟೂಲ್ ಬಾಕ್ಸಲ್ಲಿ ಹಾಕಿದ್ರು. ಅಮ್ಮಂಗೆ ಸಿಸ್ಟರ್ ಬರೆದಿದ್ದು ಓದಿ ಹೇಳಿದ ಮೇಲೆ ಸ್ವಲ್ಪ ಸಮಾಧಾನ. ಇಲ್ಲದ ಅಣ್ಣನಿಗೆ ಹೆಸರೂ ಇಟ್ಟಾಯ್ತು.

ಟೇಲರ್ ಸರ್, ಆ ಮನೆ ಯಾವ ಊರಲ್ಲಿ? ಉಳಿಯೋಕಲ್ಲ, ಅಕ್ಕನ್ನ ಮಾತಾಡಿಸ್ಕೊಂಡು ಬರೋಣ ಅಂತ.

ಗಾಂಧಿಬಜಾರ್ ಟೇಲರ್:

ಸಿಸ್ಟರ್ ಹೇಳಿದ್ದೇ ಸರಿ. ಆ ಸೀಟಿನ ವಿಷಯದಲ್ಲಿ ನಾನು ಗಂಡಸಿನ ಅಳತೆ ಹಿಡಿದು ಎಲ್ಲರಿಗೂ ಕತ್ತರಿಸಿಬಿಟ್ಟೆ. ಬ್ಯಾಗ್ ಹಿಂದೆಯೇ ಕಟ್ಟಿ.

ಮನೆಯ ಊರು ಇಲ್ಲಿ ಹಾಕಲ್ಲ ತಂಗಿ, ಬೇಜಾರಾಗಬೇಡಿ. ಅದು ಹೋಂಸ್ಟೇ ಅಲ್ಲ, ಇಲ್ಲಿ ಬರೆದ್ರೆ ನಾಳೆ ಹತ್ತು ಜನ ಹೋಗಿ ನೀರುದೋಸೆ ಕೇಳ್ತಾರೆ. ಆದ್ರೆ ನನ್ನದೊಂದು ಬಾಕಿ ಇದೆ ಅಲ್ಲಿ. ಅವತ್ತು ಮಿಷನ್‌ಗೆ ಇದ್ದಿದ್ದು ಅದೊಂದೇ ಸೂಜಿ, ಮೊಂಡಾಗಿತ್ತು, ತಿಕ್ಕಿ ತಿಕ್ಕಿ ಕೂರಿಸಿ ಬಂದಿದ್ದೀನಿ. 16ನೇ ನಂಬರ್ ಸೂಜಿ, ಒಂದು ಬಾಟಲಿ ಮಿಷನ್ ಎಣ್ಣೆ ಕಳಿಸ್ತೀನಿ ಅಂದಿದ್ದೆ. ಎರಡು ತಿಂಗಳಾಯ್ತು, ಪೊಟ್ಟಣ ಕಟ್ಟಿ ಗುಂಡಿ ಡಬ್ಬಿ ಪಕ್ಕದಲ್ಲೇ ಇಟ್ಟಿದ್ದೀನಿ. ಊರಿಗೆ ಬಂದು ಹೊಸ ಕೇಬಲ್ ಹಾಕಿಸಿದ ಮೇಲೆ ಆ ಹಿತ್ತಾಳೆ ಕೊಳವೆಯೂ ಅದೇ ಡಬ್ಬಿ ಸೇರಿದೆ.

ಹೇಗೂ ಶಿವಮೊಗ್ಗ ಮೇಲೇ ಬರ್ತೀರಲ್ಲ. ಬೆಳಿಗ್ಗೆ ಹತ್ತರ ಮೇಲೆ ಅಂಗಡಿ ತೆಗೆದಿರುತ್ತೆ. ಗಾಂಧಿಬಜಾರಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ, ಹೊರಗೆ ಎಲ್ಲಾದ್ರೂ ನಿಲ್ಲಿಸಿ ನಡ್ಕೊಂಡು ಬನ್ನಿ. ಪೊಟ್ಟಣ ಕೊಟ್ಟು ದಾರಿ ಬರ್ಕೊಡ್ತೀನಿ. ಕೊಬ್ಬರಿ ಎಣ್ಣೆ ಮತ್ತೆ ಬಿಟ್ಟಿದ್ದಾರಾ ಅಂತ ಒಂದ್ಸಲ ನೋಡ್ಬಿಡಿ.