ಪದಚರ್ಚೆ: ಹಿಂದಿನದನ್ನು ‘ಮರೆಯುವುದೋ’, ‘ಬಿಡುವುದೋ’?

ಮಾನ್ಯರೇ,

ಧಾರವಾಡದ ನಮ್ಮ ಕ್ರೈಸ್ತ ಸಭೆಯ ಸತ್ಯವೇದ (ಬೈಬಲ್) ಪಾಠದ ಬಳಗಕ್ಕಾಗಿ ಒಂದು ಚಿಕ್ಕ ಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ವಿಶ್ವಾಸದಲ್ಲಿ ಬೆಳೆಯಬೇಕೆನ್ನುವವನು ತನ್ನ ಹಿಂದಿನ ಬದುಕನ್ನು ಏನು ಮಾಡಬೇಕು ಎಂಬುದನ್ನು ಹೇಳುವ ಕ್ರಿಯಾಪದದ ಬಳಿ ಬಂದು ಎರಡು ವಾರಗಳಿಂದ ಅಲ್ಲಿಯೇ ನಿಂತಿದ್ದೇನೆ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ‘ಲೆಟಿಂಗ್ ಗೋ’ ಎನ್ನುತ್ತವೆ. ಅದನ್ನು ‘ಹೋಗಗೊಡುವುದು’ ಎಂದು ಕನ್ನಡಿಸಿದ ಕರಪತ್ರವೊಂದು ಕೈಗೆ ಬಂದಿತ್ತು. ನಮ್ಮ ಕಡೆಯ ಕಿವಿಗೆ ಅದು ಎಮ್ಮೆಯನ್ನು ಹಿತ್ತಲಿನಿಂದ ಮೇಯಲು ಕಳಿಸಿದಂತೆ ಕೇಳಿಸುತ್ತದೆ.

ಸತ್ಯವೇದದ ಹಳೆಯ ಕನ್ನಡ ಅನುವಾದದಲ್ಲಿ, ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ 13ನೆಯ ವಚನದಲ್ಲಿ, ಆದಿಕಾಲದ ಕ್ರೈಸ್ತ ಬೋಧಕನಾದ ಪೌಲನು ‘ಹಿಂದಿನ ಸಂಗತಿಗಳನ್ನು ಮರೆತುಬಿಟ್ಟು’ ಮುಂದಿನವುಗಳಿಗಾಗಿ ‘ಎದೆಬೊಗ್ಗಿದವನಾಗಿ’ ಓಡುತ್ತಾನೆ. ಓಟಗಾರನ ಎದೆ ಕಾಲಿಗಿಂತ ಮುಂದೆ ಬಾಗಿರುವುದನ್ನು ಒಂದೇ ಪದದಲ್ಲಿ ತೋರಿಸಿದ ‘ಎದೆಬೊಗ್ಗು’ ಎಂಬ ಮಾತಿಗಾಗಿ ಆ ಅನುವಾದಕರಿಗೆ ಎಷ್ಟು ಕೈಮುಗಿದರೂ ಸಾಲದು. ನನ್ನ ತಕರಾರು ಇರುವುದು ‘ಮರೆತುಬಿಟ್ಟು’ ಎಂಬುದರಲ್ಲಿ. ಗ್ರೀಕ್ ಮೂಲದ ‘ಎಪಿಲಾಂಥಾನೊಮೆನೊಸ್’ ವರ್ತಮಾನದ ಕೃದಂತ. ಮರೆಯುವ ಕೆಲಸ ಓಟದ ಜೊತೆಜೊತೆಗೇ ನಡೆದಿದೆ. ಕನ್ನಡದಲ್ಲಾದರೋ ‘ಬಿಡು’ ಎಂಬುದು ಇನ್ನೊಂದು ಕ್ರಿಯಾಪದದ ಬೆನ್ನಿಗೆ ಸೇರಿದ ಕೂಡಲೇ ಆ ಕೆಲಸ ಮುಗಿದೇಹೋಯಿತು ಎಂಬ ಅರ್ಥ ಬರುತ್ತದೆ. ತಿಂದುಬಿಟ್ಟ, ಮಾರಿಬಿಟ್ಟ ಎನ್ನುವ ಹಾಗೆ. ‘ಮರೆಯುತ್ತಾ’ ಎಂದಿದ್ದರೆ, ನಿನ್ನೆ ಬಿಟ್ಟದ್ದನ್ನು ಇವತ್ತು ಮತ್ತೆ ಬಿಡಬೇಕಾಗುವ ನಮ್ಮಂಥವರಿಗೆ ಆ ವಚನ ಇನ್ನಷ್ಟು ಹತ್ತಿರವಾಗುತ್ತಿತ್ತು.

ಅದಿರಲಿ, ‘ಮರೆ’ ಎಂಬ ಧಾತುವೇ ಇಲ್ಲಿ ಹೊಂದುತ್ತದೆಯೇ? ಸಭೆಯನ್ನು ಹಿಂಸಿಸಿದವನು ತಾನೆಂದು ಕೊರಿಂಥದವರಿಗೂ ಗಲಾತ್ಯದವರಿಗೂ ತಾನೇ ಬರೆದು ತಿಳಿಸಿದ ಪೌಲನಿಗೆ ಮರೆವು ಬಂದಿರಲಿಲ್ಲ. ಮೇಲಾಗಿ, ಫಿಲಿಪ್ಪಿಯ ಪತ್ರದಲ್ಲಿ ಅವನು ಹಿಂದಕ್ಕೆ ಹಾಕುವ ಪಟ್ಟಿಯಲ್ಲಿರುವುದು ಬಹುಪಾಲು ಹೆಮ್ಮೆಯ ಸಂಗತಿಗಳು: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯನ, ಅಂದರೆ ಯೆಹೂದ್ಯರ ಕಟ್ಟುನಿಟ್ಟಿನ ಪಂಗಡದವನ, ನೇಮನಿಷ್ಠೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದಲೂ ನಾವು ಕ್ರೈಸ್ತರು ಎಂದು ಪರಿಚಯ ಹೇಳಿಕೊಳ್ಳುವ ಮನೆತನಗಳಲ್ಲಿ ನಮ್ಮದೂ ಒಂದು. ಈ ಪಟ್ಟಿಯನ್ನು ಗಟ್ಟಿಯಾಗಿ ಓದುವಾಗ ನನ್ನ ದನಿ ತಾನಾಗಿಯೇ ಇಳಿಯುತ್ತದೆ.

ಹೋದ ವಾರ ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ಯೇಸುವಿನ ಮಾತು, ಲೂಕನ ಸುವಾರ್ತೆಯ 9ನೆಯ ಅಧ್ಯಾಯದ್ದು, ಚರ್ಚೆಗೆ ಬಂದಾಗ ನವಲಗುಂದದ ಕಡೆಯ ಎರೆಹೊಲದ ಹಿರಿಯರೊಬ್ಬರು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: “ರಂಟಿ ಹೊಡಿಯಾಂವ ಹಿಂದ ನೋಡಿದ್ರ ಮುಂದಿನ ಸಾಲ ಡೊಂಕ ಆಗ್ತೈತ್ರೀ. ಹಿಂದಿನ ಸಾಲ ಹೊಲದಾಗ ಇದ್ದ ಇರ್ತೈತಿ, ಅದೆಲ್ಲಿ ಹೋಗ್ತೈತಿ?” ನಾನು ಕೋಶಗಳಲ್ಲಿ ಹುಡುಕುತ್ತಿದ್ದ ವ್ಯತ್ಯಾಸವನ್ನು ಅವರು ಹೊಲದಲ್ಲಿಯೇ ಕಂಡಿದ್ದರು.

ಹಾಗಾದರೆ ‘ಬಿಡು’ ಸರಿ ಎನ್ನೋಣವೆಂದರೆ, ಅದರ ಯಾವ ರೂಪ? ‘ತ್ಯಜಿಸು’ ಎಂದರೆ ಸನ್ಯಾಸದ ವಾಸನೆ. ‘ಕೈಬಿಡು’, ‘ತೊರೆ’ ಎಂಬೆರಡೂ ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ದೇವರು ಎಂದಿಗೂ ಮಾಡೆನೆಂದು ಮಾತು ಕೊಟ್ಟ ಕೆಲಸಗಳಾದ್ದರಿಂದ, ಅವನ್ನು ಭಕ್ತನಿಗೆ ಕೆಲಸವಾಗಿ ಒಪ್ಪಿಸಲು ಮನಸ್ಸು ಬರುವುದಿಲ್ಲ. ‘ಬಿಟ್ಟುಕೊಡು’ ಎಂಬುದರಲ್ಲಿ ತೆಗೆದುಕೊಳ್ಳುವವನೂ ಇದ್ದಾನೆ. ಪ್ರಾರ್ಥನೆಯಲ್ಲಿ ಆ ಪದ ಚೆನ್ನಾಗಿ ಹೊಂದುತ್ತದೆಯಾದರೂ, ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ಹಟದಲ್ಲಿ ಸೋತವನು ಜಾಗ ಬಿಟ್ಟುಕೊಡುವ ಅರ್ಥವೇ ಮುಂದಾಗಿ ನಿಲ್ಲುತ್ತದೆ.

ಇಲ್ಲಿ ಗ್ರೀಕಿನ ಇನ್ನೊಂದು ಕ್ರಿಯಾಪದ ನೆನಪಿಗೆ ಬರುತ್ತದೆ. ‘ಅಫಿಯೆಮಿ’ ಎಂಬ ಒಂದೇ ಪದವನ್ನು ಮತ್ತಾಯನು ತನ್ನ ಸುವಾರ್ತೆಯಲ್ಲಿ, ಬೆಸ್ತರು ಬಲೆಗಳನ್ನು ಬಿಟ್ಟು ಹೊರಟಾಗಲೂ (4ನೆಯ ಅಧ್ಯಾಯ), ಕರ್ತನ ಪ್ರಾರ್ಥನೆಯಲ್ಲಿ ತಪ್ಪುಗಳನ್ನು ಕ್ಷಮಿಸು ಎಂಬಲ್ಲಿಯೂ (6ನೆಯ ಅಧ್ಯಾಯ), 10,000 ತಲಾಂತುಗಳ ಸಾಲವನ್ನು ಅರಸನು ಮನ್ನಿಸಿದಲ್ಲಿಯೂ (18ನೆಯ ಅಧ್ಯಾಯ) ಬಳಸಿದ್ದಾನೆ. ಸಂಸ್ಕೃತದಿಂದ ಬಂದ ‘ಕ್ಷಮಿಸು’ ಎಂಬುದರ ಬೇರಿನಲ್ಲಿ ತಾಳಿಕೊಳ್ಳುವ, ಸಹಿಸುವ ಅರ್ಥವಿದೆ. ಭೂಮಿಗೆ ‘ಕ್ಷಮಾ’ ಎಂಬ ಹೆಸರಿರುವುದೂ ಅದರಿಂದಲೇ ಎಂದು ಸಂಪ್ರದಾಯದವರು ವಿವರಿಸುತ್ತಾರೆ. ತಾಳಿಕೊಂಡವನ ತಲೆಯ ಮೇಲೆ ಹೊರೆ ಇನ್ನೂ ಇದ್ದೇ ಇರುತ್ತದೆ, ಬಿಟ್ಟವನ ಕೈ ಖಾಲಿಯಾಗಿರುತ್ತದೆ. ಆದರೆ ನಮ್ಮ ಸಂತೆಯ ಮಾತಿನಲ್ಲಿ “ಬಡ್ಡಿ ಬಿಡ್ರಿ, ಅಸಲ ಕೊಡ್ತೇನಿ” ಎನ್ನುವಾಗ ‘ಬಿಡು’ ಎಂಬುದು ಅಫಿಯೆಮಿಯ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಮತ್ತು ಸೆರೆಯವನ ‘ಬಿಡುಗಡೆ’ಯೂ ಅದೇ ಧಾತುವಿನ ಕೂಸು. ಆದ್ದರಿಂದ ಒಬ್ಬರ ಮೇಲಿನ ಹಳೆಯ ಸಿಟ್ಟನ್ನು ಬಿಡುವುದಕ್ಕೂ, ತನ್ನ ಹಳೆಯ ಹೆಮ್ಮೆಯನ್ನು ಬಿಡುವುದಕ್ಕೂ ಬೇರೆ ಬೇರೆ ಪದಗಳನ್ನು ಹುಡುಕದೆ, ಬರಿಯ ‘ಬಿಡು’ ಎಂಬುದನ್ನೇ, ‘ಹಿಂದಿನದನ್ನು ಬಿಡುತ್ತಾ’ ಎಂಬ ರೂಪದಲ್ಲಿ, ಪುಸ್ತಿಕೆಯುದ್ದಕ್ಕೂ ಇಡಬೇಕೆಂದಿದ್ದೇನೆ.

ಒಂದು ಅಳುಕು ಉಳಿದಿದೆ. “ಹೋಗ್ಲಿ ಬಿಡ್ರಿ” ಎಂದು ನಾವು ದಿನಕ್ಕೆ ಹತ್ತು ಸಲ ಅನ್ನುವಾಗ ಆ ‘ಬಿಡು’ ಬೇಸರದ್ದೂ ಹೌದು, ಉದಾಸೀನದ್ದೂ ಹೌದು. ಬಿಟ್ಟದ್ದೇನೂ ಇರುವುದಿಲ್ಲ, ಮಾತು ಮಾತ್ರ ಮುಗಿದಿರುತ್ತದೆ. ಬರಹದಲ್ಲಿ ಈ ನೆರಳು ‘ಬಿಡುತ್ತಾ’ ಎಂಬುದರ ಮೇಲೆಯೂ ಬೀಳುತ್ತದೆಯೇ ಎಂಬುದನ್ನು ಗದಗ, ಹಾವೇರಿ ಕಡೆಯ ಸದಸ್ಯರು ತಿಳಿಸಬೇಕು. ಸಾಲವನ್ನು ಪೂರ್ತಿ ಬಿಟ್ಟದ್ದಕ್ಕೆ ನಿಮ್ಮ ಊರುಗಳಲ್ಲಿ ಬೇರೆ ಮಾತೇನಾದರೂ ಇದ್ದರೆ, ಅದನ್ನು ಆಡುವ ಒಂದು ವಾಕ್ಯದೊಂದಿಗೆ ಬರೆದು ಕಳಿಸಿರೆಂದು ಕೋರುತ್ತೇನೆ.