ಲೈವ್ ಬ್ಯಾಂಡ್ ಜೊತೆ ಜಾಝ್-ಹಿಪ್‌ಹಾಪ್ ಆಲ್ಬಮ್: ರ‍್ಯಾಪ್ ಒಂದು ಕಡೆ, ಬ್ಯಾಂಡ್ ಒಂದು ಕಡೆ ಕೇಳ್ತಿದೆ, ಸರಿಮಾಡೋದು ಹೇಗೆ?

ನೀಲಿತುತ್ತೂರಿ:
ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಆರು ಹಾಡುಗಳ ಆಲ್ಬಮ್‌ಗೆ ತಯಾರಿ ನಡೀತಿದೆ. ಡ್ರಮ್ಸ್, ಡಬಲ್ ಬಾಸ್, ಕೀಬೋರ್ಡ್, ಟ್ರಂಪೆಟ್ ಎಲ್ಲವೂ ಲೈವ್. ಮುಖ್ಯ ರ‍್ಯಾಪರ್ ಒಬ್ಬರು, ಅತಿಥಿಗಳು ಮೂವರು. ಅತಿಥಿಗಳಲ್ಲಿ ಇಬ್ಬರು ತಮ್ಮ ಊರಿನಲ್ಲೇ ರೆಕಾರ್ಡ್ ಮಾಡಿ ಫೈಲ್ ಕಳಿಸ್ತಾರೆ. ನಮ್ಮ ಕಿವಿಯಲ್ಲಿರೋ ಮಾದರಿ ಅಮೆರಿಕದ ರ‍್ಯಾಪರ್ ಗುರು (Guru) ಅವರ 'ಜಾಝ್‌ಮಟಾಝ್' ಮೊದಲ ಸಂಪುಟ (1993), ಆಮೇಲೆ ಲೈವ್ ವಾದ್ಯ ನುಡಿಸೋ ಹಿಪ್‌ಹಾಪ್ ತಂಡ ದಿ ರೂಟ್ಸ್‌ನ 1995ರ ಆಲ್ಬಮ್.

ಡೆಮೊ ಕೇಳಿದರೆ ಜಾಝ್ ಕಛೇರಿ ನಡೀತಿರೋವಾಗ ಯಾರೋ ಮೇಲೆ ಮಾತಾಡಿದ ಹಾಗಿದೆ. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಮತ್ತು ಬಾಸ್ ಕಲಸಿಕೊಂಡು ಗುಂಯ್‌ಗುಡುತ್ತೆ. ಟ್ರಂಪೆಟ್ ಬಂದ ಕೂಡಲೇ ಸಾಹಿತ್ಯ ಕೇಳಿಸಲ್ಲ. ಎಲ್ಲಿಂದ ತಿದ್ದೋಕೆ ಶುರು ಮಾಡಬೇಕು?

ಮರದಬಾಸ್:
ಮಿಕ್ಸ್‌ಗೆ ಹೋಗೋ ಮುಂಚೆ ಅರೇಂಜ್‌ಮೆಂಟ್ ನೋಡಿ. ನೀವು ಹೆಸರಿಸಿದ ಎರಡು ಆಲ್ಬಮ್‌ಗಳ ದಾರಿ ಬೇರೆ ಬೇರೆ, ಮೊದಲು ಒಂದನ್ನು ಆರಿಸಿಕೊಳ್ಳಿ.

'ಜಾಝ್‌ಮಟಾಝ್'ನಲ್ಲಿ ಬುಡ ಹಿಪ್‌ಹಾಪ್ ಬೀಟ್‌ದು, ಅದು ಅಲ್ಲಾಡಲ್ಲ. ಅದರ ಮೇಲೆ ಡೊನಾಲ್ಡ್ ಬರ್ಡ್ ಟ್ರಂಪೆಟ್, ರಾಯ್ ಏಯರ್ಸ್ ವೈಬ್ರಾಫೋನ್, ಲಾನಿ ಲಿಸ್ಟನ್ ಸ್ಮಿತ್ ಕೀಬೋರ್ಡ್, ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಸ್ಯಾಕ್ಸೊಫೋನ್ ಬಂದು ಹೋಗ್ತವೆ. ಒಂದೊಂದು ಹಾಡಿಗೆ ಒಂದೆರಡು ಅತಿಥಿ ಬಣ್ಣ, ಅಷ್ಟೇ. ಅತಿಥಿ ರ‍್ಯಾಪರ್ ಅಂತ ಎದ್ದು ಕಾಣೋದು ಫ್ರೆಂಚ್‌ನಲ್ಲಿ ಹೇಳೋ ಎಂಸಿ ಸೋಲಾರ್ ಒಬ್ಬರೇ. ರೂಟ್ಸ್‌ನವರದ್ದು ತದ್ವಿರುದ್ಧ: ಬ್ಯಾಂಡೇ ಲೂಪ್ ಥರ ನುಡಿಸುತ್ತೆ. ಡ್ರಮ್ಮರ್ ನಾಲ್ಕು ನಿಮಿಷ ಅದೇ ಎರಡು ಬಾರ್ (ಒಂದು ಬಾರ್ ಅಂದರೆ ನಾಲ್ಕು ಬೀಟ್) ನುಡಿಸ್ತಾರೆ, ಬೇಕಂತಲೇ ಅಲಂಕಾರ ಬಿಡ್ತಾರೆ. ಜಾಝ್ ಡ್ರಮ್ಮರ್‌ಗೆ ಇದೇ ಕಷ್ಟದ ಕೆಲಸ, ಮತ್ತೆ ಇದೇ ಈ ಸಂಗೀತದ ಪ್ರಾಣ.

ಹಾಗಾಗಿ 32 ಬಾರ್‌ನ ಜಾಝ್ ಸ್ವರೂಪ ಪಕ್ಕಕ್ಕಿಡಿ. ಎರಡು ಅಥವಾ ನಾಲ್ಕು ಬಾರ್, ಎರಡೇ ಕಾರ್ಡ್ (ಡಿ ಮೈನರ್ 9, ಜಿ 13 ಥರ) ಸಾಕು. ಬಾಸ್‌ನವರಿಗೆ ವಾಕಿಂಗ್ ಲೈನ್ ಬೇಡ ಅನ್ನಿ. ಪ್ರತಿ ಬೀಟ್‌ಗೂ ಹೊಸ ಸ್ವರ ಬಂದರೆ ಕಿವಿ ಬಾಸ್‌ನ ಹಿಂದೆ ಓಡುತ್ತೆ, ಮಾತು ಜಾರಿಹೋಗುತ್ತೆ. ಎರಡು ಬಾರ್‌ಗೆ ಐದರಿಂದ ಏಳು ಸ್ವರದ ಲೈನ್ ಕಟ್ಟಿ, ಎರಡನೇ ಬಾರ್‌ನ ನಾಲ್ಕನೇ ಬೀಟ್ ಖಾಲಿ ಬಿಡಿ. ಹಿಪ್‌ಹಾಪ್ ತಂಡ ಅ ಟ್ರೈಬ್ ಕಾಲ್ಡ್ ಕ್ವೆಸ್ಟ್ 1991ರ 'ದಿ ಲೋ ಎಂಡ್ ಥಿಯರಿ'ಯ ಒಂದು ಹಾಡಿಗೆ ಜಾಝ್ ಬಾಸ್ ವಾದಕ ರಾನ್ ಕಾರ್ಟರ್ ಅವರನ್ನೇ ಕರೆಸಿ ಬಾಸ್ ನುಡಿಸಿದ್ದರು. ಅಷ್ಟು ದೊಡ್ಡ ವಾದಕರೂ ಮಾತಿಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಕೇಳಿ.

ಟ್ರಂಪೆಟ್ ರ‍್ಯಾಪ್‌ಗೆ ಉತ್ತರ ಕೊಡಬೇಕು, ಅದರ ಕೆಳಗೆ ಹರೀತಾ ಇರಬಾರದು. 16 ಬಾರ್‌ನ ವರ್ಸ್‌ನಲ್ಲಿ (ರ‍್ಯಾಪ್ ಹೇಳೋ ಚರಣ) ಮೊದಲ ಏಳು ಬಾರ್ ಸುಮ್ಮನಿರಲಿ. 8, 12, 16ನೇ ಬಾರ್‌ನ ಕೊನೆಯ ಎರಡು ಬೀಟ್‌ನಲ್ಲಿ ಮಾತ್ರ ಬರಲಿ, ರ‍್ಯಾಪರ್ ಅಲ್ಲೇ ಉಸಿರು ತಗೋಬೇಕು. ಸೋಲೊ ಎರಡನೇ ಹುಕ್ (ಮತ್ತೆ ಮತ್ತೆ ಬರೋ ಪಲ್ಲವಿ) ಆದಮೇಲೆ ಎಂಟು ಬಾರ್. ಡ್ರಮ್ಮರ್ ಜೋಡಿ ಸಿಂಬಲ್ ಹೈಹ್ಯಾಟ್ ಬಿಟ್ಟು ದೊಡ್ಡ ಸಿಂಬಲ್ ರೈಡ್‌ಗೆ ಹೋಗೋದು ಆ ಎಂಟು ಬಾರ್‌ನಲ್ಲಿ ಮಾತ್ರ.

ಸೌಂಡ್‌ರೂಮ್:
ಗುಂಯ್ ಅನ್ನೋದರ ಮೂಲ ಬಹುಶಃ ಕಿಕ್. ಜಾಝ್ ಸೆಟ್‌ನಲ್ಲಿ 18 ಇಂಚಿನ ಕಿಕ್ ಇರುತ್ತೆ, ಬಿಗಿಯಾಗಿ ಟ್ಯೂನ್ ಮಾಡಿರ್ತಾರೆ. ಅದು ಡಬಲ್ ಬಾಸ್ ನುಡಿಯೋ ಜಾಗದಲ್ಲೇ ಸ್ವರವಾಗಿ ಅನುರಣಿಸುತ್ತೆ. 20 ಅಥವಾ 22 ಇಂಚಿನದು ಸಿಕ್ಕರೆ ತನ್ನಿ. ಸಿಗದಿದ್ದರೆ ಹೊಡೆಯೋ ಕಡೆಯ ಹೆಡ್ (ಡ್ರಮ್‌ನ ಹೊದಿಕೆ) ಸುಕ್ಕು ಬಿಡೋವಷ್ಟು ಮಾತ್ರ ಬಿಗಿ ಮಾಡಿ, ಒಳಗೆ ಮಡಚಿದ ಟವೆಲ್ ಎರಡೂ ಹೆಡ್‌ಗೆ ತಾಗೋ ಹಾಗೆ ಇಡಿ.

ಡಬಲ್ ಬಾಸ್‌ಗೆ ಪಿಕಪ್ (ವಾದ್ಯಕ್ಕೇ ಕೂರಿಸೋ ಸಂವೇದಕ) ಜೊತೆಗೆ ಬ್ರಿಡ್ಜ್‌ನಿಂದ (ತಂತಿ ಹೊರೋ ಮರದ ಕುದುರೆ) ಸುಮಾರು 30 ಸೆಂ.ಮೀ. ದೂರದಲ್ಲಿ ಒಂದು ಕಂಡೆನ್ಸರ್ ಮೈಕ್. ಆ ದೂರಕ್ಕೆ ಮೈಕ್ ಸದ್ದು ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಪಿಕಪ್ ಟ್ರ್ಯಾಕನ್ನೂ ಅಷ್ಟೇ ತಡವಾಗಿಸಿ, ಪೋಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಿ ನೋಡಿ. ಎರಡೂ ಸೇರಿದಾಗ ಸದ್ದು ದಪ್ಪ ಆಗಬೇಕು. ತೆಳ್ಳಗಾದರೆ ಒಂದನ್ನೊಂದು ತಿಂದುಹಾಕ್ತಿವೆ ಅಂತ ಅರ್ಥ.

ಆಮೇಲೆ ಜಾಗ ಹಂಚಿ. ಕಿಕ್‌ಗೆ 60-70 ಹರ್ಟ್ಝ್ ಕೊಡಿ, ಬಾಸ್‌ಗೆ 90-120. ಬಾಸ್‌ನ ಬೆರಳಿನ ಸದ್ದು, ಮರದ ಸದ್ದು 700ರಿಂದ 1000 ಹರ್ಟ್ಝ್ ಸುತ್ತ ಇರುತ್ತೆ, ಅದನ್ನು 2-3 ಡೆಸಿಬಲ್ ಎತ್ತಿ. ಫೋನ್ ಸ್ಪೀಕರ್‌ನಲ್ಲಿ ಬಾಸ್ ಲೈನ್ ಕೇಳಿಸೋದು ಅಲ್ಲಿಂದಲೇ. ಕೀಬೋರ್ಡ್‌ನವರ ಎಡಗೈ 130 ಹರ್ಟ್ಝ್‌ಗಿಂತ ಕೆಳಗೆ ಇಳಿಯದಿರಲಿ. ಈ ಒಂದು ಮಾತು ಪಾಲಿಸಿದರೆ ಅರ್ಧ ಕೆಸರು ತಾನಾಗಿ ಹೋಗುತ್ತೆ.

ಟ್ರಂಪೆಟನ್ನು ಡ್ರಮ್ಸ್ ಇರೋ ಕೋಣೆಯಲ್ಲೇ ರೆಕಾರ್ಡ್ ಮಾಡಬೇಡಿ. ಡ್ರಮ್ಸ್ ಮೇಲೆ ತೂಗಿಸಿದ ಓವರ್‌ಹೆಡ್ ಮೈಕ್‌ಗೆ ಸೋರಿಕೊಂಡ ಟ್ರಂಪೆಟ್ಟನ್ನು ಆಮೇಲೆ ತೆಗೆಯೋಕೆ ಆಗಲ್ಲ. ಬೇರೆ ಕೋಣೆ, ಇಲ್ಲವೇ ಓವರ್‌ಡಬ್ (ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸೋದು). ಮಾತಿನ ಜೊತೆ ಬರಲೇಬೇಕಾದ ಕಡೆ ಟ್ರಂಪೆಟ್‌ನ 1.5-3 ಕಿಲೋಹರ್ಟ್ಝ್ ಭಾಗವನ್ನು ಧ್ವನಿ ಬಂದಾಗ ಮಾತ್ರ 3 ಡೆಸಿಬಲ್ ತಗ್ಗೋ ಹಾಗೆ ಡೈನಾಮಿಕ್ ಇಕ್ಯೂ ಹಾಕಿ. ವ್ಯಂಜನಗಳ ಸ್ಪಷ್ಟತೆ ಇರೋದು ಅಲ್ಲೇ.

ನೀಲಿತುತ್ತೂರಿ:
ತುಂಬಾ ಧನ್ಯವಾದ. ಇನ್ನೊಂದು ವಿಷಯ ಸರ್: ಕ್ಲಿಕ್ (ಕಿವಿಗೆ ಹಾಕೋ ಟಿಕ್ ಟಿಕ್ ಲಯ) ಹಾಕಿದರೆ ಸ್ವಿಂಗ್ (ಸಮವಲ್ಲದೆ ತೂಗೋ ನಡೆ) ಸಾಯುತ್ತೆ ಅಂತ ನಮ್ಮ ಡ್ರಮ್ಮರ್ ಒಪ್ತಿಲ್ಲ. ಊರಾಚೆ ಇರೋ ಅತಿಥಿಗಳಿಗೆ ಯಾವ ಟ್ರ್ಯಾಕ್ ಕಳಿಸೋದು?

ಸೌಂಡ್‌ರೂಮ್:
ಅವರ ಮಾತಲ್ಲಿ ಸತ್ಯ ಇದೆ, ಆದರೆ ಲೆಕ್ಕವನ್ನೂ ನೋಡಿ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) 16 ಬಾರ್ ಅಂದರೆ 42.7 ಸೆಕೆಂಡ್. ಬ್ಯಾಂಡ್ ಅದನ್ನೇ 92ರಲ್ಲಿ ನುಡಿಸಿದರೆ 41.7. ವರ್ಸ್ ಮುಗಿಯೋ ಹೊತ್ತಿಗೆ ಸುಮಾರು 1.4 ಬೀಟ್ ವ್ಯತ್ಯಾಸ. ಅತಿಥಿ ಹಳೇ ಡೆಮೊ ಮೇಲೆ ಹೇಳಿದ್ದು ಹೊಸ ಟೇಕ್ ಮೇಲೆ ಕೂರಲ್ಲ ಅನ್ನೋದು ಇದಕ್ಕೇ.

ಎರಡು ದಾರಿ ಇದೆ. ಒಂದು, ಕ್ಲಿಕ್ ನಾಲ್ಕೂ ಬೀಟ್‌ಗೆ ಬೇಡ, 2 ಮತ್ತು 4ಕ್ಕೆ ಮಾತ್ರ ಹಾಕಿ. ನಡುವಿನ ಸ್ವಿಂಗ್ ಡ್ರಮ್ಮರ್ ಕೈಯಲ್ಲೇ ಉಳಿಯುತ್ತೆ. ಎರಡು, ಕ್ಲಿಕ್ ಇಲ್ಲದೆ ಬ್ಯಾಂಡ್ ಟೇಕ್ ಅಂತಿಮ ಮಾಡಿ, ಟೆಂಪೊ ಮ್ಯಾಪ್ (ವೇಗ ಎಲ್ಲೆಲ್ಲಿ ಬದಲಾಯ್ತು ಅನ್ನೋ ನಕ್ಷೆ) ತೆಗೆದು, ಆ ಟೇಕನ್ನೇ ಅತಿಥಿಗಳಿಗೆ ಕಳಿಸಿ. ಎರಡನೇದು ಮಾಡಿದರೆ ಆಮೇಲೆ ಡ್ರಮ್ಸ್ ಬದಲಿಸೋ ಹಾಗಿಲ್ಲ.

ಅತಿಥಿಗಳಿಂದ 48 ಕಿಲೋಹರ್ಟ್ಝ್, 24 ಬಿಟ್ ಮೋನೊ ವೇವ್ ಫೈಲ್ ಕೇಳಿ. ವರ್ಸ್ ಎಲ್ಲೇ ಇರಲಿ, ಫೈಲ್ ಹಾಡಿನ ಮೊದಲ ಬಾರ್‌ನಿಂದಲೇ ಶುರುವಾಗಬೇಕು. ಕಂಪ್ರೆಸರ್, ರಿವರ್ಬ್, ಆಟೋಟ್ಯೂನ್ ಯಾವುದೂ ಬೇಡ. ಪೀಕ್ (ಅತಿ ಜೋರಾದ ಜಾಗ) -12ರಿಂದ -6 ಡೆಸಿಬಲ್ ಒಳಗೆ, ಬಾಯಿಂದ ಮೈಕ್‌ಗೆ 15 ಸೆಂ.ಮೀ. ಲೀಡ್ (ಮುಖ್ಯ ಧ್ವನಿ), ಡಬಲ್ (ಅದನ್ನೇ ಮತ್ತೊಮ್ಮೆ ಹೇಳಿದ್ದು), ಆ್ಯಡ್‌ಲಿಬ್ (ನಡುವಿನ ಉದ್ಗಾರ) ಬೇರೆ ಬೇರೆ ಫೈಲ್. ಹಿಂದೆ ಮುಂದೆ ದಪ್ಪ ಕಂಬಳಿ ಕಟ್ಟೋಕೆ ಹೇಳಿ. ಮೈಕ್ ಬೇರೆಯಾದರೂ ಹೊಂದಿಸಬಹುದು, ಬರೀ ಗೋಡೆಯ ಕೋಣೆಯ ಮಾರ್ದನಿ ಮಾತ್ರ ಅಳಿಸೋಕಾಗಲ್ಲ.

ಮಾತ್ರೆಗಣ:
ಅಣ್ಣ, ಸಾಹಿತ್ಯದ ಕಡೆಯಿಂದ ಒಂದು ಮಾತು. "ಮೇಲೆ ಮಾತಾಡಿದ ಹಾಗಿದೆ" ಅಂದ್ರಲ್ಲ, ಅದರಲ್ಲಿ ಅರ್ಧ ತಪ್ಪು ಮಾತ್ರೆಯದ್ದು.

ಸ್ವಿಂಗ್‌ನಲ್ಲಿ ಹದಿನಾರನೇ ಸ್ವರಗಳು (ಬೀಟ್‌ನ ನಾಲ್ಕನೇ ಒಂದು ಭಾಗ) ಸಮ ಇರಲ್ಲ. 90 ಬಿಪಿಎಂ, 56 ಪರ್ಸೆಂಟ್ ಸ್ವಿಂಗ್ ಅಂದರೆ ಜೋಡಿಯಲ್ಲಿ ಮೊದಲನೇದು 187 ಮಿಲಿಸೆಕೆಂಡ್, ಎರಡನೇದು 147. "ಕಾಡು" ಥರದ ಗುರು-ಲಘು ಪದ ಅಲ್ಲಿ ತಾನಾಗಿ ಕೂರುತ್ತೆ. "ಸದಾ" ಥರದ ಲಘು-ಗುರು ಪದವನ್ನು ಅದೇ ಜಾಗಕ್ಕೆ ತುರುಕಿದರೆ 'ದಾ' ಮೊಟಕಾಗುತ್ತೆ, ಇಲ್ಲವೇ ಬೀಟ್ ಹಿಂದೆ ಬೀಳುತ್ತೆ. ಅಂಥ ಪದದ ಮೊದಲಕ್ಷರವನ್ನು ಬೀಟ್‌ಗೆ ಮುಂಚೆ ಎತ್ತಿ, ಗುರುವನ್ನು ಬೀಟ್ ಮೇಲೆ ಇಳಿಸಬೇಕು.

ಇಲ್ಲೇ ನಮ್ಮ ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರೋದು) ದೊಡ್ಡ ಆಸ್ತಿ. ಮೊದಲಕ್ಷರ ಹ್ರಸ್ವ ಇರೋ ಸಿಂಹಪ್ರಾಸ ಹಿಡಿದು, ಆ ಅಕ್ಷರವನ್ನು ಹಾಗೇ ಬೀಟ್‌ಗೆ ಮುಂಚೆ ಎತ್ತಿದರೆ, ಪ್ರಾಸದ ಎರಡನೇ ಅಕ್ಷರ ಪ್ರತಿ ಸಾಲಿನಲ್ಲೂ ಕಿಕ್ ಮತ್ತು ಬಾಸ್ ಒಟ್ಟಿಗೆ ಬೀಳೋ ಒಂದನೇ ಬೀಟ್ ಮೇಲೇ ಬರುತ್ತೆ. ಬ್ಯಾಂಡೂ ಮಾತೂ ಒಂದೇ ಗಂಟಿನಲ್ಲಿ ಬಿಗಿಯಾಗ್ತವೆ. ಸಾಲಿನ ಕೊನೆಗೆ ಮಾತ್ರ ಪ್ರಾಸ ಕಟ್ಟಿದರೆ ಈ ಲಾಭ ಸಿಗಲ್ಲ.

ಒಂದು ಬಾರ್‌ಗೆ 16 ಜಾಗ ಇದೆ ಅಂತ 16 ಅಕ್ಷರ ತುಂಬಬೇಡಿ, 11-13 ಸಾಕು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಿ ಹೆಚ್ಚು ಸಮಯ ತಿನ್ನುತ್ತೆ ಅನ್ನೋದೂ ಲೆಕ್ಕದಲ್ಲಿರಲಿ. ಅತಿಥಿಗಳಿಗೆ ಟ್ರ್ಯಾಕ್ ಜೊತೆ ಸ್ವಿಂಗ್ ಪ್ರಮಾಣವನ್ನೂ ಬರೆದು ಕಳಿಸಿ; ನೇರ ಟ್ರ್ಯಾಪ್ ಬೀಟ್ ರೂಢಿಯಾದವರು ಸಮ ಲಯದಲ್ಲೇ ಬರೆದುಬಿಡ್ತಾರೆ.

ಮರದಬಾಸ್:
ಮಾತ್ರೆಗಣ ಹೇಳಿದ್ದು ಬಂಗಾರ. ಹಕ್ಕಿನ ಬಗ್ಗೆಯೂ ಒಂದು ಸಾಲು ಸೇರಿಸ್ತೀನಿ. ಅತಿಥಿ ಬರೆದ ವರ್ಸ್‌ಗೆ ಅವರೇ ಸಾಹಿತಿ, ಹುಕ್‌ನ ಧಾಟಿ ಟ್ರಂಪೆಟ್‌ನವರು ಕಟ್ಟಿದ್ದರೆ ಅವರೂ ಸಂಯೋಜಕರು. ಯಾರಿಗೆ ಎಷ್ಟು ಪಾಲು ಅಂತ ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಇನ್ನು, ಹಳೇ ಜಾಝ್ ರೆಕಾರ್ಡಿನ ತುಣುಕು ಬಳಸಿದರೆ ಎರಡು ಅನುಮತಿ ಬೇಕು, ಒಂದು ರೆಕಾರ್ಡಿಂಗ್‌ದು, ಇನ್ನೊಂದು ಸಂಯೋಜನೆಯದ್ದು. ಅದೇ ಧಾಟಿಯನ್ನು ನಿಮ್ಮ ಬ್ಯಾಂಡೇ ನುಡಿಸಿದರೆ ಮೊದಲನೇದು ತಪ್ಪುತ್ತೆ, ಎರಡನೇದು ತಪ್ಪಲ್ಲ.