ಥೈರಾಯಿಡ್ ಇದೆ, ಆ್ಯಪ್ ಲೆಕ್ಕ ದಿನಾ 1350, ತೂಕ ಮಾತ್ರ 74ರಲ್ಲೇ ಕೂತಿದೆ

ನವನಗರ ಟೀಚರ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ ರೀ. ನನಗೆ 39 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 74 ಕೆಜಿ. ಪ್ರೈಮರಿ ಶಾಲೆಯಲ್ಲಿ ಟೀಚರ್. ಎರಡನೇ ಮಗು ಹುಟ್ಟಿದ ಮೇಲೆ ಹೈಪೋಥೈರಾಯಿಡ್, ಅಂದರೆ ಥೈರಾಯಿಡ್ ಹಾರ್ಮೋನು ಕಡಿಮೆ ಅಂತ ಗೊತ್ತಾಯಿತು. ಆಗ ಟಿಎಸ್‌ಎಚ್ (ಹಾರ್ಮೋನು ಕಡಿಮೆಯಾದರೆ ರಕ್ತದಲ್ಲಿ ಏರುವ ಅಂಕಿ) 9.8 ಇತ್ತು. ಈಗ 50 ಮೈಕ್ರೋಗ್ರಾಂ ಮಾತ್ರೆ ನಡೆದಿದೆ. ಹೋದ ತಿಂಗಳ ರಿಪೋರ್ಟಿನಲ್ಲಿ 3.1 ಬಂತು. ಡಾಕ್ಟರು "ನಾರ್ಮಲ್ ಇದೆ, ಮಾತ್ರೆ ಹೀಗೇ ಇರಲಿ" ಅಂದರು.

ತೂಕ ಇಳಿಸಬೇಕು ಅಂತ ಮೊಬೈಲಿಗೆ ಕ್ಯಾಲೊರಿ ಆ್ಯಪ್ ಹಾಕಿಕೊಂಡೆ. ತಿಂದಿದ್ದೆಲ್ಲ ಬರೆಯುತ್ತೇನೆ. ಮಗಳ ತಾಟಿನಲ್ಲಿ ಉಳಿದ ಎರಡು ತುತ್ತನ್ನೂ ಬಿಡುವುದಿಲ್ಲ. ಲೆಕ್ಕ 1350ರ ಆಸುಪಾಸು ಬರುತ್ತದೆ. ಆದರೂ ತೂಕ ಜಗ್ಗುತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು: "ಥೈರಾಯಿಡ್ ಇದ್ದವರದು ಇಳಿಯೋದಿಲ್ಲ ಬಿಡ್ರಿ."

ನನ್ನ ಊಟ ಹೀಗಿದೆ. ಮುಂಜಾನೆ ಅವಲಕ್ಕಿ, ಇಲ್ಲಾಂದ್ರೆ ಉಪ್ಪಿಟ್ಟು. ಡಬ್ಬಿಗೆ ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ರಾತ್ರಿ ಒಂದು ರೊಟ್ಟಿ, ಸ್ವಲ್ಪ ಅನ್ನ, ಸಾರು. ಚಹಾ ಮೂರು ಸಲ. ಕರಿದದ್ದು ಅಪರೂಪ, ಸಿಹಿ ಹಬ್ಬಕ್ಕೆ ಮಾತ್ರ.

ಅಡುಗೆ ನಮ್ಮ ಅತ್ತೆಯವರದು. ಎಲ್ಲಾ ಕೈ ಅಳತೆ. ಎಣ್ಣೆ ಎಷ್ಟು ಹಾಕಿದಿರಿ ಅಂದರೆ "ಹಾಕಬೇಕಾದಷ್ಟು" ಅನ್ನುತ್ತಾರೆ. ಅವರ ಒಲೆ ಪಕ್ಕ ಕಾಟಾ ಹಿಡಿದು ನಿಲ್ಲುವ ಧೈರ್ಯ ನನಗಿಲ್ಲ. ಆರು ಮಂದಿಯ ಮನೆ. ನನಗೊಬ್ಬಳಿಗೆ ಬೇರೆ ಅಡುಗೆ ಅನ್ನುವುದೂ ಆಗದ ಮಾತು.

ಇದು ಥೈರಾಯಿಡ್ ಆಟವೋ, ಆ್ಯಪ್ ಆಟವೋ? ಮನೆಯ ಪಲ್ಯವನ್ನು ಆ್ಯಪಿನಲ್ಲಿ ಬರೆಯುವುದು ಹೇಗೆ? ಜೋಳ ಬಿಟ್ಟು ಓಟ್ಸ್ ತಿನ್ನಿ, ಕ್ಯಾಬೇಜ್ ಮುಟ್ಟಲೇಬೇಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಅದು ನಿಜವಾ? ಇನ್ನೊಂದು ವಿಷಯ. ಬಸ್ಸಿನ ಗಡಿಬಿಡಿಯಲ್ಲಿ ಕೆಲವು ದಿನ ಮಾತ್ರೆ ನುಂಗಿದ ಹಿಂದೆಯೇ ಚಹಾ ಆಗುತ್ತದೆ. ಕ್ಯಾಲ್ಸಿಯಂ ಮಾತ್ರೆ ತಿಂಡಿ ಜೊತೆ.

ಟಿಳಕವಾಡಿ ವೈನಿ, ಬೆಳಗಾವಿ

ಅದು 1350 ಅಲ್ಲ ಟೀಚರ್. ಆಗಿರಲಿಕ್ಕೆ ಸಾಧ್ಯವೇ ಇಲ್ಲ.

ಮಿಫ್ಲಿನ್ ಸೂತ್ರ ಅಂತ ಒಂದಿದೆ. ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರಿನಲ್ಲಿ ಎತ್ತರ ತೆಗೆದುಕೊಂಡು 6.25ರಿಂದ ಗುಣಿಸಿ. ಎರಡನ್ನೂ ಕೂಡಿಸಿ. ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ. ನಿಮಗೆ ಸುಮಾರು 1370 ಬರುತ್ತದೆ. ಇದು ಇಡೀ ದಿನ ಸುಮ್ನೆ ಮಲಗಿದ್ದರೂ ದೇಹ ಸುಡುವ ಲೆಕ್ಕ. ನೀವು ನಿಂತು ಪಾಠ ಮಾಡುತ್ತೀರಿ, ಮನೆಕೆಲಸ ಮಾಡುತ್ತೀರಿ. ಅದನ್ನೆಲ್ಲ ಸೇರಿಸಿದರೆ 1900ರಿಂದ 2000. ತೂಕ ಏರದೆ ಇಳಿಯದೆ ನಿಂತಿದೆ ಅಂದರೆ ತಿನ್ನುತ್ತಿರುವುದೂ ಹೆಚ್ಚೂಕಡಿಮೆ ಅಷ್ಟೇ.

ಥೈರಾಯಿಡ್ ಪಾಲು ಇಲ್ಲವೇ ಅಂದರೆ, ಇದೆ. ಆದರೆ ಜನ ಅಂದುಕೊಂಡಷ್ಟಿಲ್ಲ. ಹಾರ್ಮೋನು ಕಡಿಮೆಯಾದಾಗ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕೆಜಿ. ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಟಿಎಸ್‌ಎಚ್ ಹಿಡಿತಕ್ಕೆ ಬಂದ ಮೇಲೆ ಉಳಿದ ತೂಕ ಎಲ್ಲರ ಹಾಗೆಯೇ ಇಳಿಯುತ್ತದೆ. ನನಗೂ ಇದೇ ಕಾಯಿಲೆ, ಮಾತ್ರೆ ನಿಮಗಿಂತ ದೊಡ್ಡದು. ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಈಗ ರೊಟ್ಟಿಗೆ ಬರೋಣ. ಆ್ಯಪಿನಲ್ಲಿ "ರೊಟ್ಟಿ, 1" ಅಂತ ಒತ್ತಿದರೆ ಬರುವುದು ಯಾರೋ ಎಲ್ಲೋ ತಿಂದ ಅಂಗೈಯಗಲದ ಗೋಧಿ ರೊಟ್ಟಿಯ ಲೆಕ್ಕ. ನಮ್ಮ ಕಡೆ ತಾಟು ತುಂಬುವ ಜೋಳದ ರೊಟ್ಟಿಗೆ 65ರಿಂದ 75 ಗ್ರಾಂ ಹಿಟ್ಟು ಹೋಗುತ್ತದೆ. 100 ಗ್ರಾಂ ಜೋಳಕ್ಕೆ ಸುಮಾರು 335 ಕ್ಯಾಲೊರಿ. ಒಂದು ರೊಟ್ಟಿಯ ಲೆಕ್ಕ ನೀವೇ ಮಾಡಿಕೊಳ್ಳಿ.

ಬೆಂದ ರೊಟ್ಟಿಯನ್ನು ತೂಗಬೇಡಿ. ಮೆತ್ತನೆ ರೊಟ್ಟಿಯಲ್ಲಿ ನೀರಿರುತ್ತದೆ, ಖಡಕ್ ರೊಟ್ಟಿಯಲ್ಲಿ ಆರಿಹೋಗಿರುತ್ತದೆ. ಖಡಕ್ ರೊಟ್ಟಿ ಕೈಗೆ ಹಗುರ ಅನಿಸಿದರೂ ಒಳಗಿನ ಹಿಟ್ಟು ಅಷ್ಟೇ, ಕ್ಯಾಲೊರಿಯೂ ಅಷ್ಟೇ. "ಖಡಕ್ ತಿನ್ನಿ, ಡಯೆಟ್‌ಗೆ ಒಳ್ಳೇದು" ಅನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಿ ಒಂದು ಜಾಸ್ತಿ ತಿಂದರೆ ಆಯಿತು ಕಥೆ. ಅನ್ನದಲ್ಲೂ ಇದೇ ಗೊಂದಲ. ಹಸಿ ಅಕ್ಕಿ 100 ಗ್ರಾಂಗೆ 350, ಬೆಂದ ಅನ್ನ 100 ಗ್ರಾಂಗೆ 130ರ ಹತ್ತಿರ. ಆ್ಯಪಿನಲ್ಲಿ ಎರಡೂ ಇರುತ್ತವೆ. ಯಾವುದನ್ನು ಒತ್ತುತ್ತಿದ್ದೀರಿ ನೋಡಿಕೊಳ್ಳಿ.

ಅತ್ತೆಯವರ ವಿಷಯಕ್ಕೆ ಒಂದು ಉಪಾಯ ಇದೆ. ಅವರು ಅಡುಗೆ ಮಾಡುವಾಗ ನೀವು ಅಲ್ಲಿ ಇರಲೇಬೇಕಿಲ್ಲ. ಮುಂಜಾನೆ ಎದ್ದಾಗ ಎಣ್ಣೆ ಬಾಟಲಿ ತೂಗಿ ಬರೆದಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದು ಎಷ್ಟೋ ಅಷ್ಟು ಎಣ್ಣೆ. ಒಂದು ಗ್ರಾಂಗೆ 9 ಕ್ಯಾಲೊರಿ. ಹಿಟ್ಟಿನ ಡಬ್ಬಿಗೂ ಹಾಗೇ ಮಾಡಿ. ಇಳಿದ ತೂಕವನ್ನು ರೊಟ್ಟಿಯ ಸಂಖ್ಯೆಯಿಂದ ಭಾಗಿಸಿ. ತಟ್ಟುವಾಗ ಉದುರುವ ಹಿಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪಲ್ಯಕ್ಕೆ ಬೋಗುಣಿಯ ತೂಕ ಗೊತ್ತಿರಬೇಕು. ಖಾಲಿ ಇದ್ದಾಗ ತೂಗಿ ಅದರ ತಳಕ್ಕೆ ಮಾರ್ಕರ್‌ನಲ್ಲಿ ಬರೆದುಬಿಡಿ. ಪಲ್ಯ ತುಂಬಿದ ಬೋಗುಣಿ ತೂಗಿ ಅದನ್ನು ಕಳೆದರೆ ಪಲ್ಯದ ತೂಕ. ನಿಮ್ಮ ಡಬ್ಬಿಗೆ ಹಾಕಿದ್ದು ಅದರಲ್ಲಿ ಎಷ್ಟನೇ ಪಾಲೋ, ಎಣ್ಣೆಯೂ ಶೇಂಗಾವೂ ಅಷ್ಟೇ ಪಾಲು. ಬದನೆಕಾಯಿ, ಮೆಂತ್ಯೆ, ಪುಂಡಿ ಇವುಗಳದ್ದು ಅಂಥ ದೊಡ್ಡ ಲೆಕ್ಕ ಅಲ್ಲ. ಲೆಕ್ಕ ಇರುವುದು ಎಣ್ಣೆ, ಶೇಂಗಾ, ಎಳ್ಳು, ಒಣಕೊಬ್ಬರಿಯಲ್ಲಿ. ಎಣ್ಣೆಗಾಯಿಯಲ್ಲಿ ಈ ನಾಲ್ಕೂ ಕೂಡಿ ಬರುತ್ತವೆ! ಹಿಂಡಿಯನ್ನಂತೂ ಚಮಚದಲ್ಲಿ ಬರೆಯಲೇಬೇಡಿ, ತೂಗಿ. 100 ಗ್ರಾಂ ಶೇಂಗಾಕ್ಕೆ 520ಕ್ಕಿಂತ ಕಡಿಮೆ ಇಲ್ಲ. ಗುರೆಳ್ಳು, ಅಗಸಿ ಹಿಂಡಿಗೂ ಇದೇ ಮಾತು.

ಅಂಕಿಗಳಿಗೆ ಆ್ಯಪ್ ನಂಬುವ ಬದಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಪಟ್ಟಿ ನೋಡಿ. ಜೋಳ, ಸಜ್ಜೆ, ಶೇಂಗಾ ಎಲ್ಲದರದ್ದೂ ಹಸಿ ತೂಕದ ಲೆಕ್ಕ ಅದರಲ್ಲಿದೆ. ಆ್ಯಪಿನಲ್ಲಿ "ನನ್ನ ಆಹಾರ" ಅಂತ ಒಮ್ಮೆ ತುಂಬಿಟ್ಟರೆ ಸಾಕು.

ಜೋಳ ಬಿಡಬೇಡಿ. 100 ಗ್ರಾಂ ಓಟ್ಸ್‌ನಲ್ಲಿ ಜೋಳಕ್ಕಿಂತ ಕ್ಯಾಲೊರಿ ಜಾಸ್ತಿಯೇ ಇದೆ, ಕಡಿಮೆ ಇಲ್ಲ. ಡಬ್ಬಿಯ ಎರಡು ರೊಟ್ಟಿ ಹಾಗೇ ಇರಲಿ. ರಾತ್ರಿ ರೊಟ್ಟಿ ಇಲ್ಲವೇ ಅನ್ನ, ಯಾವುದಾದರೂ ಒಂದು. ತಾಟಿನಲ್ಲಿ ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯೆ, ಹಕ್ಕರಿಕೆ ಜಾಸ್ತಿ ಮಾಡಿ. ಹೆಸರುಕಾಳು, ಮಡಕಿಕಾಳಿನ ಪಲ್ಯ ಇರಲಿ. ಲೆಕ್ಕ 1550ಕ್ಕೆ ತಂದರೆ ತಿಂಗಳಿಗೆ ಒಂದು, ಒಂದೂವರೆ ಕೆಜಿ ಇಳಿಯಬೇಕು. ಅದಕ್ಕಿಂತ ಕೆಳಗೆ ಹೋಗಿ ಹಸಿದುಕೊಂಡು ಪಾಠ ಮಾಡಬೇಡಿ, ಮಕ್ಕಳಿಗೆ ಸುಮ್ನೆ ಹೊಡೆತ ಬೀಳುತ್ತದೆ.

ಲ್ಯಾಬ್ ಟೆಕ್ನೀಷಿಯನ್, ವಿಜಯಪುರ

ಊಟದ ಲೆಕ್ಕ ವೈನಿ ಹೇಳಿದ್ದಾರೆ. ನಾನು ಮಾತ್ರೆಯದ್ದು ಹೇಳುತ್ತೇನೆ.

ಲೀವೊಥೈರಾಕ್ಸಿನ್, ಅಂದರೆ ನಿಮ್ಮ ಥೈರಾಯಿಡ್ ಮಾತ್ರೆ, ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ತಾಸು ಚಹಾ, ತಿಂಡಿ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ತಾಸು ಅಂತರ ಬೇಕು. ಕರುಳಿನಲ್ಲಿ ಇವು ಥೈರಾಯಿಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ನಿಮ್ಮ ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಡಬ್ಬಿಗೆ ದಾಟಿಸಿ.

ಒಂದು ದಿನ ತಕ್ಷಣ ಚಹಾ, ಇನ್ನೊಂದು ದಿನ ತಾಸು ಬಿಟ್ಟು ಚಹಾ ಅಂದರೆ ಮಾತ್ರೆ ಹತ್ತುವುದೂ ದಿನಕ್ಕೊಂದು ರೀತಿ ಆಗುತ್ತದೆ. ಈಗಿನ 3.1 ಬಂದಿರುವುದು ಈ ಅಡ್ಡಾದಿಡ್ಡಿ ಪದ್ಧತಿಯಲ್ಲಿ. ನೀವು ಪದ್ಧತಿ ಸರಿ ಮಾಡಿದರೆ ಅದೇ 50 ಮೈಕ್ರೋಗ್ರಾಂ ಜಾಸ್ತಿ ಹತ್ತಬಹುದು. ಹಾಗಾಗಿ 6ರಿಂದ 8 ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ ದುಡ್ಡು ದಂಡ. ಮುಂಜಾನೆ ಆಗುವುದೇ ಇಲ್ಲ ಅಂದರೆ ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಡಾಕ್ಟರಿಗೆ ಒಂದು ಮಾತು ಕೇಳಿ ಬದಲಾಯಿಸಿ.

ಕೂದಲು ಉದುರುತ್ತದೆ ಅಂತ ಬಯೋಟಿನ್ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಅದು ರಿಪೋರ್ಟಿನ ಅಂಕಿಯನ್ನೇ ಕೆಡಿಸುತ್ತದೆ. ತೂಕ ಇಳಿಯಲಿ ಅಂತ ಮಾತ್ರೆಯನ್ನು ತಾವೇ ಜಾಸ್ತಿ ಮಾಡಿಕೊಂಡವರನ್ನೂ ನೋಡಿದ್ದೇನೆ. ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಮುಂದೆ ಮೂಳೆ ಸವೆಯುತ್ತದೆ. ಆ ಹಾದಿ ಬೇಡ.

ಬೇಯಿಸಿದ ಕ್ಯಾಬೇಜ್ ಅಡ್ಡಿಯಿಲ್ಲ. ಸಜ್ಜೆಯ ಬಗ್ಗೆ ಮಾತಿದೆ, ನಿಜ. ಅಯೋಡಿನ್ ಕೊರತೆ ಇರುವ ಕಡೆ ದಿನಾ ಅದನ್ನೇ ತಿನ್ನುವವರಲ್ಲಿ ಗಳಗಂಡ ಹೆಚ್ಚಿದ್ದನ್ನು ಕಂಡಿದ್ದಾರೆ. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಈಗಿನ ಸೈಂಧವ ಉಪ್ಪಿನ ಹುಚ್ಚಿಗೆ. ಅದಕ್ಕೆ ಅಯೋಡಿನ್ ಬೆರೆಸದಿದ್ದರೆ ಅದರಿಂದ ಸಿಗುವ ಅಯೋಡಿನ್ ತೀರಾ ಕಡಿಮೆ.

ಗೋಕಾಕ ಅಣ್ಣ

ನಮ್ಮ ಅವ್ವ ಎಂದೂ ಕಾಟಾ ನೋಡಿ ಊಟ ಮಾಡಲಿಲ್ಲ, ತೆಳ್ಳಗೇ ಇದ್ದಳು. ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂತರೆ ಊಟದ ರುಚಿ ಎಲ್ಲಿ ಉಳಿಯುತ್ತದೆ ರೀ? ವಾಕಿಂಗ್ ಮಾಡಿ ಸಾಕು. ನಮ್ಮೂರ ಕರದಂಟು ತಿಂದೂ ನಾನು ಗಟ್ಟಿಯಾಗಿದ್ದೇನೆ.

ಟಿಳಕವಾಡಿ ವೈನಿ, ಬೆಳಗಾವಿ

ಅಣ್ಣಾರ, ನಿಮ್ಮ ಅವ್ವ ಹೊಲಕ್ಕೂ ಹೋಗುತ್ತಿದ್ದರು, ನೀರೂ ಹೊರುತ್ತಿದ್ದರು ಅಲ್ವಾ? ಟೀಚರಿಗೆ ವಾಕಿಂಗ್ ಬೇಡ ಅಂತ ನಾನೂ ಹೇಳಿಲ್ಲ. ಆದರೆ ಅರ್ಧ ತಾಸು ನಡೆದರೆ ಸುಡುವುದು ನೂರು ಚಿಲ್ಲರೆ. ಬೆಲ್ಲ, ತುಪ್ಪ, ಅಂಟು, ಒಣಕೊಬ್ಬರಿಯ ಒಂದು ತುಂಡು ಕರದಂಟು ಅದನ್ನೆಲ್ಲ ನುಂಗಿಹಾಕುತ್ತದೆ. ಲೆಕ್ಕ ಜನ್ಮವಿಡೀ ಬೇಕಿಲ್ಲ. ಸ್ವಲ್ಪ ದಿನ ತೂಗಿದರೆ ಕಣ್ಣಳತೆ ಬರುತ್ತದೆ, ಆಮೇಲೆ ಕಾಟಾ ಮೇಲೆತ್ತಿಡಬಹುದು.

ನವನಗರ ಟೀಚರ್, ಬಾಗಲಕೋಟೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಭಾನುವಾರ ಬಾಟಲಿ, ಡಬ್ಬಿ ಎರಡೂ ತೂಗಿದೆ. ಹಿಟ್ಟಿನ ಡಬ್ಬಿ 1100 ಗ್ರಾಂ ಇಳಿದಿತ್ತು, ರೊಟ್ಟಿ 15 ಆಗಿದ್ದವು. ತಲಾ 73 ಗ್ರಾಂ, ಅಂದರೆ ಸುಮಾರು 245 ಕ್ಯಾಲೊರಿ. ಆ್ಯಪ್ ತೋರಿಸುತ್ತಿದ್ದದ್ದು 95! ಮೂರು ರೊಟ್ಟಿಗೇ 450 ವ್ಯತ್ಯಾಸ. ಎಣ್ಣೆಗಾಯಿಗೆ 115 ಗ್ರಾಂ ಎಣ್ಣೆ ಹೋಗಿತ್ತು. ಎಲ್ಲ ಕೂಡಿಸಿದರೆ ದಿನಕ್ಕೆ 1950 ದಾಟಿತು.

ಅತ್ತೆಯವರಿಗೆ ಗೊತ್ತಾಗೇಬಿಟ್ಟಿತು. ಬೋಗುಣಿ ತಳದಲ್ಲಿ ಬರೆದದ್ದನ್ನು ತೊಳೆಯುವಾಗ ನೋಡಿ "ಇದೇನು, ಬಾಂಡೆ ಅಂಗಡಿ ಮಾಡಿದೆಯಾ?" ಅಂದರು. ಹೇಳಿದೆ. ಸಿಟ್ಟಾಗಲಿಲ್ಲ. ಈಗ ಅವರೇ "ಇವತ್ತು ಬದನೆಕಾಯಿ ಎಷ್ಟು ಕುಡಿಯಿತು ನೋಡು" ಅಂತ ಕರೆಯುತ್ತಾರೆ. ಎಣ್ಣೆ ಕಡಿಮೆ ಮಾಡುತ್ತಾರಾ ಅಂದರೆ ಅದಿನ್ನೂ ಇಲ್ಲ. ಮಾತ್ರೆ ರಾತ್ರಿಗೆ ಬದಲಾಯಿಸಲು ಡಾಕ್ಟರು ಒಪ್ಪಿದರು.

ಒಂದೇ ಡೌಟ್ ಉಳಿದಿದೆ. ಶನಿವಾರ ಮುಂಜಾನೆ ಶಾಲೆ, ಅವತ್ತು ಡಬ್ಬಿಗೆ ಸುಸಲಾ. ನೆನೆಸಿದ ಚುರುಮುರಿಯನ್ನು ಹೇಗೆ ಬರೆಯುವುದು?

ಟಿಳಕವಾಡಿ ವೈನಿ, ಬೆಳಗಾವಿ

ನೆನೆಸುವ ಮೊದಲು ತೂಗಿ. ಒಣ ಚುರುಮುರಿ 30 ಗ್ರಾಂ ಅಂದರೆ 110ರ ಹತ್ತಿರ. ಪುಟಾಣಿ ಹಿಟ್ಟು, ಶೇಂಗಾ, ಒಗ್ಗರಣೆ ಎಣ್ಣೆ ಬೇರೆ ಬೇರೆ ಬರೆಯಿರಿ. ಜೊತೆಗೆ ಮಿರ್ಚಿ ಭಜಿ ಇದ್ದರೆ ಅದನ್ನೂ ಬರೆಯಿರಿ, ಶನಿವಾರ ಅಂತ ಬಿಡಬೇಡಿ.